ಬಾಗಿಲು ಕೀಸುವ ಮೊದಲು ದಾರಂದ ನೋಡಿ

ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಮಲ್ಪೆ, ಮಂಗಳೂರಿನ ಬೋಟುಗಳ ದೊಡ್ಡ ರಿಪೇರಿಯೆಲ್ಲ ಈ 61 ದಿನಗಳಲ್ಲೇ ಆಗಬೇಕು. ಇಂಜಿನ್, ತಳ, ಬಣ್ಣ ಎಲ್ಲ ಮುಗಿದ ಮೇಲೆ ಕ್ಯಾಬಿನ್ ಬಾಗಿಲು ನೆನಪಾಗುತ್ತದೆ. "ಒಂಚೂರು ಹಿಡೀತದೆ ಆಚಾರ್ರೆ, ಕೀಸುಳಿ ಹಾಕಿ ಬಿಡಿ ಮಾರಾಯ್ರೆ!"

ಕೀಸುವುದು ಸುಲಭ. ಕೀಸಿದ್ದನ್ನು ಮತ್ತೆ ಅಂಟಿಸುವುದು ಕಷ್ಟ. ಮಳೆಗಾಲದಲ್ಲಿ ಮರ ತೇವ ಕುಡಿದು ಅಗಲಕ್ಕೆ ಉಬ್ಬಿರುತ್ತದೆ, ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ಜುಲೈಯಲ್ಲಿ ಸಲೀಸಾಗಿ ಮುಚ್ಚಲಿ ಅಂತ ಕೀಸಿದ ಬಾಗಿಲು ಫೆಬ್ರವರಿಯಲ್ಲಿ ಗಡಗಡ ಬಡಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಚಿಲಕದ ಕಡೆ 2 ಮಿ.ಮೀ. ಸಂದು ಸಾಕು. ಬೇಸಿಗೆಯಲ್ಲಿ ಕೂರಿಸುವುದಾದರೆ ನಾನು 4 ಬಿಡುತ್ತೇನೆ.

ಇನ್ನೊಂದು ವಿಷಯ. ದಡದಲ್ಲಿ ಬೋಟು ನಾಲ್ಕಾರು ಆನಿಕೆಗಳ ಮೇಲೆ ನಿಂತಿರುತ್ತದೆ, ನೀರಿಗಿಳಿದರೆ ಇಡೀ ತಳಕ್ಕೆ ಆಸರೆ ಸಿಗುತ್ತದೆ. ಈ ವ್ಯತ್ಯಾಸಕ್ಕೆ ಮರದ ಬೋಟಿನ ಮೈ ಸ್ವಲ್ಪ ಹೊರಳುತ್ತದೆ, ಜತೆಗೆ ದಾರಂದವೂ, ಅಂದರೆ ಬಾಗಿಲಿನ ಚೌಕಟ್ಟೂ. ಅದಕ್ಕೇ ದಾರಂದದ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದು ಬರೆದಿಟ್ಟುಕೊಳ್ಳಿ. ನೀರಿಗಿಳಿದ ಮೇಲೆ ಮತ್ತೊಮ್ಮೆ ಅಳೆಯಿರಿ. ತೇಲುವ ಬೋಟಿನಲ್ಲಿ ರಸಮಟ್ಟ ಸುಮ್ನೆ ಚೀಲದಲ್ಲೇ ಇರಲಿ, ಅಲ್ಲಿ ಅದು ಹೇಳುವುದೆಲ್ಲ ಸುಳ್ಳು.

ಹಳೆ ಬಾಗಿಲಿನಲ್ಲಿ ಮೊದಲು ಕೊಳೆಯುವುದು ಕೆಳಭಾಗ. ಉದ್ದ ಪಟ್ಟಿಗಳ ಕತ್ತರಿಸಿದ ತುದಿಗಳು ಅಲ್ಲಿ ನೀರು ಹೀರುತ್ತಿರುತ್ತವೆ. ಬಣ್ಣ ಚೆನ್ನಾಗಿಯೇ ಕಾಣಬಹುದು. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ, ಬೆಣ್ಣೆಯ ಹಾಗೆ ಒಳಗೆ ಹೋದರೆ ಗಟ್ಟಿ ಮರ ಸಿಗುವ ತನಕ ಕತ್ತರಿಸಿ ತೆಗೆಯಬೇಕು. ಪುಟ್ಟಿ ತುಂಬಿ ಮುಚ್ಚುವುದು ಕೆಲಸವಲ್ಲ. ಹೊಸ ತುಂಡನ್ನು ಉದ್ದ ಓರೆ ಜೋಡಣೆಯಲ್ಲಿ ಸೇರಿಸಿ, ಸಾಗುವಾನಿಗೆ ಸಾಗುವಾನಿಯೇ ಆಗಬೇಕು. ಸಾಗುವಾನಿಯಲ್ಲಿ ಎಣ್ಣೆಯಂಶ ಜಾಸ್ತಿ. ಎಪಾಕ್ಸಿ ಹಚ್ಚುವ ಮುಂಚೆ ಅಸಿಟೋನಿನಲ್ಲಿ ಒರೆಸದಿದ್ದರೆ ಅಂಟು ಹಿಡಿಯುವುದು ಅನುಮಾನ.

ನಡುವಿನ ಹಲಗೆಯನ್ನು ಮಾತ್ರ ಗಾಡಿಯೊಳಗೆ, ಅಂದರೆ ಸುತ್ತಲಿನ ಪಟ್ಟಿಗಳಲ್ಲಿ ಕೊರೆದ ತೋಡಿನೊಳಗೆ, ಅಂಟಿಸಬೇಡಿ. ಅದು ಹಿಗ್ಗಲು, ಕುಗ್ಗಲು ಜಾಗ ಬೇಕು. ನೀರು ಬರಬಾರದೆಂದು ಗಾಡಿ ತುಂಬಾ ಎಪಾಕ್ಸಿ ಸುರಿದ ಬಾಗಿಲುಗಳು ರಿಪೇರಿಗೆ ಬರುತ್ತಲೇ ಇರುತ್ತವೆ. ಎಲ್ಲದರಲ್ಲೂ ಒಂದೇ ಕತೆ: ಬೇಸಿಗೆಗೆ ಹಲಗೆ ನಡುವೆ ಉದ್ದಕ್ಕೆ ಸೀಳಿರುತ್ತದೆ.

ಸ್ಕ್ರೂಗಳಲ್ಲಿ ಚೌಕಾಸಿ ಬೇಡ. ಕಬ್ಬಿಣದ್ದು ತುಕ್ಕು ಹಿಡಿದು ಉಬ್ಬಿ ಮರವನ್ನೂ ಕಪ್ಪು ಮಾಡುತ್ತದೆ. ಹಿತ್ತಾಳೆ ನೋಡಲು ಚಂದ. ಆದರೆ ಉಪ್ಪುನೀರಿಗೆ ಅದರೊಳಗಿನ ಸತು ಹೋಗಿ ಬಣ್ಣ ಕೆಂಪಗಾಗುತ್ತದೆ, ಆಮೇಲೆ ಬಿಚ್ಚಲು ಹೋದರೆ ತಲೆಯೇ ಮುರಿದು ಕೈಗೆ ಬರುತ್ತದೆ. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿ, ಕೀಲುಗಳೂ ಅದರದ್ದೇ ಇರಲಿ. ಸಡಿಲವಾದ ಹಳೆ ತೂತಿಗೆ ದಪ್ಪ ಸ್ಕ್ರೂ ತುರುಕುವ ಬದಲು ಮರದ ಗೂಟ ಅಂಟಿಸಿ ಹೊಸದಾಗಿ ಕೊರೆಯಿರಿ.

ವಾರ್ನಿಷ್ ಯಾವುದಾದರೂ ಒಳ್ಳೆ ಮೆರೈನ್ ದರ್ಜೆಯದ್ದು ಸಾಕು. ಆದರೆ ಬಾಗಿಲು ಕಳಚಿಯೇ ಹಚ್ಚಿ. ತೂಗುಹಾಕಿಯೇ ಹಚ್ಚಿದರೆ ಅಡಿಯ ಅಂಚಿಗೆ ಬ್ರಷ್ ಹೋಗುವುದಿಲ್ಲ, ನೀರು ಹೀರುವುದು ಅಲ್ಲೇ ಅಲ್ವಾ?

ಚಿಲಕದ ತೂತು ಕೊರೆಯಲು ಅವಸರ ಬೇಡ. ಬೋಟು ನೀರಿಗಿಳಿದು ಒಂದೆರಡು ದಿನ ಕಳೆಯಲಿ. ಆಗಲೂ ಹಿಡಿದರೆ ತಾಗುವ ಜಾಗದಲ್ಲಷ್ಟೇ ಕೀಸಿ, ಬಯಲಾದ ಮರಕ್ಕೆ ಅವತ್ತೇ ವಾರ್ನಿಷ್ ಬಳಿಯಿರಿ.