ಕಾನೂನು ಮಾಸ್ತರರ ಬಿಲ್ಲು, ನಮ್ಮ ವತನ ಹೊಲ

ವಿಜಯಪುರದಲ್ಲಿ ಜಮೀನು ಕೇಸು ನಡೆಸುವ ನನ್ನಂಥ ವಕೀಲರ ಮುಂದೆ ವತನದ (ಊರ ಚಾಕರಿಗೆ ಬದಲಾಗಿ ಮನೆತನಕ್ಕೆ ಬಿಟ್ಟ ಹೊಲದ) ಉತಾರ, ಅಂದರೆ ಪಹಣಿ, ಬರುತ್ತಲೇ ಇರುತ್ತದೆ. ಅಜ್ಜನ ಹೆಸರಿನ ಜೊತೆ ತಳವಾರಕಿ ವತನ, ಇಲ್ಲಾ ವಾಲೀಕಾರಕಿ ವತನ ಅಂತ ಬರೆದಿರುತ್ತದೆ; ಎರಡೂ ಊರಿನ ಕೆಳದರ್ಜೆಯ ಚಾಕರಿಗಳು. "ಸಾಹೇಬ್ರ, ಈ ಹೊಲ ನಮ್ದೋ, ಸರ್ಕಾರದ್ದೋ?" ಅಂತ ಕಕ್ಷಿದಾರರು ಕೇಳುತ್ತಾರೆ.

ಇದೇ ಪ್ರಶ್ನೆಯನ್ನು 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಎತ್ತಿದವರು ಡಾ. ಬಿ.ಆರ್. ಅಂಬೇಡ್ಕರ್. ಸಂವಿಧಾನದ ಅಂಬೇಡ್ಕರ್ ಎಲ್ಲರಿಗೂ ಗೊತ್ತು. ಮುಂಬಯಿ ಸಭೆಯಲ್ಲಿ ಕೂತು ಬಿಲ್ಲು (ಮಸೂದೆ) ಬರೆದ ಅಂಬೇಡ್ಕರ್ ಬಗ್ಗೆ ನಮ್ಮ ಕಡೆ ಮಾತು ಕಡಿಮೆ. ಆಗ ಬೆಳಗಾವಿ, ವಿಜಯಪುರ ಎರಡೂ ಮುಂಬಯಿ ಪ್ರಾಂತದ ಜಿಲ್ಲೆಗಳು. ಬಾಗಲಕೋಟೆ ವಿಜಯಪುರದೊಳಗೇ ಇತ್ತು. ಅಲ್ಲಿ ಪಾಸಾದ ಕಾಯ್ದೆ ಇಲ್ಲಿಯೂ ಕಾಯ್ದೆ.

ಲಂಡನ್ನಿನಲ್ಲಿ ಬ್ಯಾರಿಸ್ಟರ್ ಓದಿ ಬಂದ ಅವರು 1923ರಲ್ಲಿ ಮುಂಬಯಿಯಲ್ಲಿ ವಕೀಲಿ ಶುರು ಮಾಡಿದರು. 1925ರಿಂದ ಬಾಟ್ಲಿಬಾಯ್ ಅವರ ಅಕೌಂಟೆನ್ಸಿ ಸಂಸ್ಥೆಯಲ್ಲಿ ವ್ಯಾಪಾರ ಕಾನೂನಿನ ಪಾಠ ಹೇಳಿದರು. 1927ರಲ್ಲಿ ನಾಮಕರಣ ಸದಸ್ಯರಾಗಿ ಸಭೆಗೆ ಹೋದರು. ಮರುವರ್ಷ ಸರ್ಕಾರಿ ಲಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, 1935ರಲ್ಲಿ ಅದೇ ಕಾಲೇಜಿನ ಪ್ರಿನ್ಸಿಪಾಲರು. ಪಾಠವೂ ಶಾಸನದ ಕೆಲಸವೂ ಜೊತೆಜೊತೆಗೇ ನಡೆದವು. ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಾಗ ಕಾರ್ಮಿಕ ಹೆಣ್ಣುಮಕ್ಕಳ ಪರ ಮಾತಾಡಿದರು. ಕೊಂಕಣದ ಖೋತಿ (ಕಂದಾಯ ವಸೂಲಿಯ ಮಧ್ಯವರ್ತಿ) ಪದ್ಧತಿ ತೆಗೆಯಲು 1937ರಲ್ಲಿ ಬಿಲ್ಲು ತಂದರು. ಆದರೆ ನಮ್ಮ ಹೊಲಗಳಿಗೆ ತಾಗಿದ್ದು 1928ರ ಮಾರ್ಚ್ 19ರಂದು ಮಂಡಿಸಿದ ವತನ ತಿದ್ದುಪಡಿ ಬಿಲ್ಲು.

1874ರ ವತನ ಕಾಯ್ದೆ ಹೇಗಿತ್ತು ಅಂದರೆ, ಊರಿನ ಕೆಳದರ್ಜೆಯ ಚಾಕರಿ ಮಾಡುವವರಿಗೆ ಒಂದು ತುಂಡು ಹೊಲ, ರೈತರಿಂದ ಒಂದಿಷ್ಟು ಆಯದ ಕಾಳು. ಅದಕ್ಕೆ ಬದಲಾಗಿ ಹಗಲು ರಾತ್ರಿ ಅನ್ನದೆ ಕರೆದಾಗ ಹೋಗಬೇಕು. ವತನದಾರ ಸಿಗದಿದ್ದರೆ ಅವರಪ್ಪನನ್ನೋ ಮನೆಯ ಇನ್ನೊಬ್ಬರನ್ನೋ ಹಿಡಿದು ದುಡಿಸುತ್ತಿದ್ದರು. ಕೆಲಸ ಇಷ್ಟೇ ಅಂತ ಎಲ್ಲೂ ಬರೆದಿರಲಿಲ್ಲ. ಹೊಲ ಬಿಟ್ಟರೆ ಹೊಟ್ಟೆಗಿಲ್ಲ, ಹೊಲ ಹಿಡಿದರೆ ಬಿಡುವಿಲ್ಲ.

ಅಂಬೇಡ್ಕರ್ ಇದನ್ನು ಬಿಡಿಸಿದ ರೀತಿ ಅಪ್ಪಟ ಕಾನೂನು ಮಾಸ್ತರರದ್ದು. ಹೊಲವನ್ನೂ ಚಾಕರಿಯನ್ನೂ ಬೇರೆ ಮಾಡಿ ಅಂದರು. ಚಾಕರಿ ಬೇಡ ಅನ್ನುವ ವತನದಾರ ಪೂರ್ತಿ ಕಂದಾಯ ಕಟ್ಟಲಿ, ಹೊಲ ಅವನ ಕೈಯಲ್ಲೇ ಉಳಿಯಲಿ. ಚಾಕರಿ ಮಾಡುವವನ ಕೆಲಸ ಏನೇನು ಅಂತ ನಿಯಮದಲ್ಲಿ ಬರೆಯಲಿ. ಕಾಳಿನ ಬದಲು ರೈತರಿಂದ ಹಣ ವಸೂಲು ಮಾಡಿ ಸರ್ಕಾರವೇ ಸಂಬಳ ಕೊಡಲಿ. ಭಾಷಣದ ಬಿಸಿಗಿಂತ ಈ ಕಲಮುಗಳ ಜಾಣತನ ನನಗೆ ಜಾಸ್ತಿ ಇಷ್ಟ. ಇದರಲ್ಲಿ ಯಾರೂ ಯಾರ ಮುಂದೂ ಅರ್ಜಿ ಹಿಡಿದು ಹೊಲ ಬೇಡಬೇಕಾಗಿರಲಿಲ್ಲ, ಅಲ್ವಾ?

ಸರ್ಕಾರ ಒಪ್ಪಲಿಲ್ಲ. ಬಿಲ್ಲು ಸೆಲೆಕ್ಟ್ ಕಮಿಟಿಗೆ ಹೋಗಿ ಸೊರಗಿತು, 1929ರಲ್ಲಿ ಅವರೇ ವಾಪಸ್ ತಗೊಂಡರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿ, ಮರುವರ್ಷ ಚುನಾವಣೆ ಗೆದ್ದು ಸಭೆಗೆ ಬಂದರು. ಆ ಸಲ ನಿಪ್ಪಾಣಿಯ ಬಿ.ಎಚ್. ವರಾಳೆ ಕೂಡ ಅದೇ ಪಕ್ಷದಿಂದ ಆರಿಸಿ ಬಂದಿದ್ದರು. ಅಷ್ಟಾದರೂ ವತನ ಹೋಗಲಿಲ್ಲ.

ಹೋದ ಕ್ರಮ ನೋಡಿ. ದೇಸಾಯಿ, ಕುಲಕರ್ಣಿ ವತನಗಳಿಗೆ 1950ರಲ್ಲೇ ಮುಂಬಯಿ ಸರ್ಕಾರ ರದ್ದತಿ ಕಾಯ್ದೆ ಮಾಡಿತು. ತಳವಾರರು, ವಾಲೀಕಾರರು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ತನಕ ಕಾಯಬೇಕಾಯಿತು. ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಆ ಕಾಯ್ದೆ ಮಾಸ್ತರರ ದಾರಿ ಹಿಡಿಯಲಿಲ್ಲ. ಮೊದಲು ಹೊಲವನ್ನೆಲ್ಲ ಸರ್ಕಾರಕ್ಕೆ ಎಳೆದುಕೊಂಡಿತು, ಆಮೇಲೆ ದುಡ್ಡು ಕಟ್ಟಿಸಿಕೊಂಡು ರೀಗ್ರಾಂಟ್ ಅಂತ ತಿರುಗಿ ಕೊಟ್ಟಿತು. ಓದು ಬರಹ ಇಲ್ಲದ ಮನೆಯವರು ಆ ಹೊಲದಲ್ಲೇ ಬಿತ್ತಿ ಬೆಳೆಯುತ್ತಾ ಸುಮ್ನೆ ಇದ್ದುಬಿಟ್ಟರು. ಈಗ ಮೊಮ್ಮಕ್ಕಳು ಉತಾರ ಹಿಡಿದು ತಹಶೀಲ್ದಾರ್ ಕಚೇರಿ ಅಲೆಯುತ್ತಾರೆ.

ಇನ್ನೊಂದು ತೊಡಕು ಮಾರಾಟದ್ದು. 1978ರ ಆಗಸ್ಟ್ 7ರಿಂದ 15 ವರ್ಷ ರೀಗ್ರಾಂಟ್ ಆದ ಹೊಲ ಮಾರುವಂತಿಲ್ಲ ಅಂತ ತಿದ್ದುಪಡಿ ಬಂತು. ಹಾಗಾಗಿ ಖರೀದಿ ಪತ್ರ ಕಂಡರೆ ನಾನು ಮೊದಲು ನೋಡುವುದು ತಾರೀಖು. ಆ ದಿನಕ್ಕಿಂತ ಮುಂಚಿನದೋ, 15 ವರ್ಷದ ಒಳಗಿನದೋ, ಆಮೇಲಿನದೋ ಅನ್ನುವುದರ ಮೇಲೆ ಕೇಸಿನ ಹಣೆಬರಹ ನಿಂತಿದೆ.

ಅಜ್ಜ ಮಾರಿದ ವತನ ಹೊಲವನ್ನು ಪಿಟಿಸಿಎಲ್ ಕಾಯ್ದೆಯಲ್ಲಿ ವಾಪಸ್ ಕೊಡಿಸಿ ಅಂತ ಬರುವವರೂ ಬಹಳ. 1978ರ ಆ ಕಾಯ್ದೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ ರಕ್ಷಣೆ ಕೊಡುತ್ತದೆ, ನಿಜ. ಆದರೆ ವಂಶಪಾರಂಪರ್ಯ ಹುದ್ದೆಗೆ (ವತನದಂಥದ್ದಕ್ಕೆ) ಸಂಬಂಧಪಟ್ಟ ಇನಾಮು ರದ್ದತಿಯಿಂದ ಬಂದ ಜಮೀನನ್ನು ಅದರ ವ್ಯಾಖ್ಯೆಯಲ್ಲೇ ಹೊರಗಿಟ್ಟಿದ್ದಾರೆ. ಏಜೆಂಟರ ಮಾತು ಕೇಳಿ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಅರ್ಜಿ ಹಾಕುವ ಮೊದಲು ರೀಗ್ರಾಂಟ್ ಆದೇಶದ ನಕಲು, ಹಳೇ ಉತಾರ, ಖರೀದಿ ಪತ್ರ ಮೂರನ್ನೂ ತಗೊಂಡು ಬನ್ನಿ. ಹೊಲ ಯಾವ ಕಾಯ್ದೆಯಡಿ ಬಂದದ್ದು ಅಂತ ಅವುಗಳಿಂದಲೇ ತಿಳಿಯುತ್ತದೆ.