ಮೇಣದ ಉರುಳೆ, ಮುದುಕಿಯರ ಹಾಡು ಮತ್ತು ಬಾರ್ಟೋಕ್‌ನ ಲೆಕ್ಕ

1900ರ ಹೊತ್ತಿಗೆ ಬುಡಾಪೆಸ್ಟಿನ ಕಾಫಿ ಹೌಸುಗಳಲ್ಲಿ ರೋಮಾ ಸಮುದಾಯದ ವಾದ್ಯಗಾರರದ್ದೇ ದರ್ಬಾರು. ಜನ ಅವರನ್ನು ಜಿಪ್ಸಿಗಳು ಎನ್ನುತ್ತಿದ್ದರು. ಅವರ ಪಿಟೀಲು ಬಿಕ್ಕಿ ಅಳುತ್ತಿದ್ದರೆ ಕೇಳುತ್ತ ಕೂತವರ ಕಣ್ಣೂ ಒದ್ದೆಯಾಗುತ್ತಿತ್ತು. ಹಂಗೇರಿಯ ಅಸಲಿ ಸಂಗೀತವೆಂದರೆ ಇದೇ ಎಂದು ಪಟ್ಟಣದವರು ನಂಬಿದ್ದರು. ಪಿಯಾನೊ ದಿಗ್ಗಜ ಫ್ರಾಂಜ್ ಲಿಸ್ಟ್ 1859ರಲ್ಲಿ ಪುಸ್ತಕವನ್ನೇ ಬರೆದು, ಈ ಸಂಗೀತವನ್ನು ಹುಟ್ಟಿಸಿದವರೇ ರೋಮಾ ಜನ ಎಂದಿದ್ದ. ದೇಶಾಭಿಮಾನಿಗಳಿಗೆ ಸಿಟ್ಟು ಬಂತು. ಅದು ನಮ್ಮದೇ, ಅವರು ಬರೀ ನುಡಿಸುವವರು ಎಂದು ಜಗಳಕ್ಕೆ ನಿಂತರು. ಹಳ್ಳಿಗೆ ಹೋಗಿ, ಹೊಲದಲ್ಲಿ ದುಡಿಯುವವರು ಏನು ಹಾಡುತ್ತಾರೆಂದು ಕೇಳಿಸಿಕೊಂಡು ಬರೋಣ ಎಂದು ಈ ಜಗಳದಲ್ಲಿದ್ದವರಿಗೆ ಹೊಳೆಯಲೇ ಇಲ್ಲ.

ಕೇಳಿಸಿಕೊಂಡು ಬಂದವನು ಬೇಲಾ ಬಾರ್ಟೋಕ್. ಇಪ್ಪತ್ತನೇ ಶತಮಾನದ ದೊಡ್ಡ ಸಂಗೀತ ರಚನಕಾರರಲ್ಲಿ ಒಬ್ಬನೆಂದು ಜಗತ್ತು ಅವನನ್ನು ನೆನೆಯುತ್ತದೆ. ನನಗೆ ಮಾತ್ರ ಅವನೊಳಗಿನ ವಿಜ್ಞಾನಿಯ ಮೇಲೆ ಹೆಚ್ಚು ಮೋಹ. ಹುಳಹುಪ್ಪಟೆ, ಗಿಡಮೂಲಿಕೆ, ಖನಿಜಗಳನ್ನು ಕೂಡಿಡುವ ಹವ್ಯಾಸ ಅವನಿಗಿತ್ತು. ಹಾಡುಗಳನ್ನು ಕೂಡಿಟ್ಟದ್ದೂ ಅದೇ ಶಿಸ್ತಿನಿಂದ.

ಹುಟ್ಟಿದ್ದು 1881ರ ಮಾರ್ಚ್ 25ರಂದು, ನಾಜ್‌ಸೆಂಟ್‌ಮಿಕ್ಲೋಶ್ ಎಂಬ ಊರಿನಲ್ಲಿ. ಆ ಊರು ಈಗ ರೊಮೇನಿಯಕ್ಕೆ ಸೇರಿದೆ. ಕೃಷಿ ಶಾಲೆಯ ಮುಖ್ಯಸ್ಥನಾಗಿದ್ದ ತಂದೆ ಹುಡುಗನಿಗೆ ಏಳು ವರ್ಷವಾಗಿದ್ದಾಗ ತೀರಿಕೊಂಡ. ತಾಯಿ ಪೌಲಾ ಶಾಲೆಗಳಲ್ಲಿ ಪಾಠ ಹೇಳುತ್ತ, ಊರೂರು ಬದಲಿಸುತ್ತ ಮಕ್ಕಳನ್ನು ಸಾಕಿದಳು. ಮಗನಿಗೆ ಪಿಯಾನೊ ಕಲಿಸಿದವಳೂ ಅವಳೇ. ಮುಂದೆ ಬುಡಾಪೆಸ್ಟಿನ ಸಂಗೀತ ಅಕಾಡೆಮಿ. ಅಲ್ಲಿಂದ ಹೊರಬಿದ್ದ ತರುಣ ಕಡು ರಾಷ್ಟ್ರಾಭಿಮಾನಿಯಾಗಿದ್ದ. ಹಂಗೇರಿಯ ಸಾಂಪ್ರದಾಯಿಕ ಉಡುಪು ತೊಡುತ್ತಿದ್ದ, ಮನೆಯಲ್ಲಿ ಜರ್ಮನ್ ಮಾತಾಡಬೇಡಿ ಎಂದು ತಾಯಿಗೂ ತಂಗಿಗೂ ತಾಕೀತು ಮಾಡುತ್ತಿದ್ದ. 1903ರಲ್ಲಿ ಸ್ವಾತಂತ್ರ್ಯ ವೀರ ಕೊಶೂತ್‌ನ ಮೇಲೆ ದೊಡ್ಡ ವಾದ್ಯವೃಂದಕ್ಕೊಂದು ಕೃತಿ ಬರೆದ. ಅದರ ಹಂಗೇರಿಯತನವೂ ಕಾಫಿ ಹೌಸಿನ ಮಾದರಿಯದೇ.

1904ರ ಬೇಸಿಗೆಯಲ್ಲಿ ಹಳ್ಳಿಗಾಡಿನಲ್ಲಿ ತಂಗಿದ್ದಾಗ ಲಿದಿ ದೋಶಾ ಎಂಬ ಹುಡುಗಿ ಹಾಡುತ್ತಿದ್ದುದು ಅವನ ಕಿವಿಗೆ ಬಿತ್ತು. ಆಗಿನ ಹಂಗೇರಿಯ ಪೂರ್ವ ಸೀಮೆಯಾದ ಟ್ರಾನ್ಸಿಲ್ವೇನಿಯದಿಂದ ಬಂದು ಮಗು ನೋಡಿಕೊಳ್ಳುವ ಕೆಲಸಕ್ಕಿದ್ದವಳು. ಕೆಂಪು ಸೇಬಿನ ಮೇಲಿನ ಹಾಡು. ಪಟ್ಟಣದ ಹಾಡುಗಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮರುವರ್ಷ ಜೊಲ್ತಾನ್ ಕೊದಾಯ್‌ನ ಪರಿಚಯವಾಯಿತು. ಅವನೂ ಸಂಗೀತಗಾರ, ಜನಪದ ಗೀತೆಗಳ ಬಗ್ಗೆ ಆಗಲೇ ಸಂಶೋಧನೆಗಿಳಿದಿದ್ದವನು. 1906ರಲ್ಲಿ ಇಬ್ಬರೂ ಸೇರಿ ಇಪ್ಪತ್ತು ಹಾಡುಗಳ ಪುಟ್ಟ ಪುಸ್ತಕ ತಂದರು. ಅದೇ ವರ್ಷ ಬಾರ್ಟೋಕ್ ದನಿಯನ್ನು ಹಿಡಿದಿಡುವ ಎಡಿಸನ್ನನ ಯಂತ್ರ ಫೋನೋಗ್ರಾಫ್ ಹೊತ್ತು ಹಳ್ಳಿಗಳ ದಾರಿ ಹಿಡಿದ.

ಫೋನೋಗ್ರಾಫ್ ಹೊಸತೇನಲ್ಲ. ಬೇಲಾ ವಿಕಾರ್ ಎಂಬ ಹಂಗೇರಿಯ ವಿದ್ವಾಂಸ 1890ರ ದಶಕದಲ್ಲೇ ಅದನ್ನು ಹಳ್ಳಿಗೆ ಒಯ್ದಿದ್ದ. ಕರೆಂಟೂ ಇಲ್ಲ, ಮೈಕೂ ಇಲ್ಲ. ಹಾಡುವವರು ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು. ದನಿಯ ಒತ್ತಡಕ್ಕೆ ಕಹಳೆಯ ತುದಿಯಲ್ಲಿರುವ ತೆಳು ಪೊರೆ ನಡುಗುತ್ತದೆ, ಅದಕ್ಕೆ ಕಚ್ಚಿಕೊಂಡ ಸೂಜಿ ತಿರುಗುವ ಮೇಣದ ಉರುಳೆಯ ಮೇಲೆ ಗೀರು ಕೊರೆಯುತ್ತದೆ. ಗೀರು ಕೊರೆಯುವ ಶಕ್ತಿಯೆಲ್ಲ ಹಾಡುವವರ ಗಂಟಲಿನಿಂದಲೇ ಬರಬೇಕು, ಹಾಗಾಗಿ ಪಿಸುದನಿ ದಾಖಲಾಗುವುದಿಲ್ಲ. ಒಂದು ಉರುಳೆಯಲ್ಲಿ ಎರಡರಿಂದ ನಾಲ್ಕು ನಿಮಿಷದ ಹಾಡು ಹಿಡಿದರೆ ಹೆಚ್ಚು. ಕೇಳಿದಷ್ಟೂ ಸಲ ಸೂಜಿ ಮೇಣವನ್ನು ಸವೆಸುತ್ತದೆ. ಅಂದರೆ ದಾಖಲೆಯನ್ನು ಓದಿದಷ್ಟೂ ಅದು ಅಳಿಯುತ್ತ ಹೋಗುತ್ತದೆ. ಸಂಶೋಧಕನಿಗೆ ಇದಕ್ಕಿಂತ ಪೀಕಲಾಟ ಬೇರೆ ಬೇಕೆ?

ಇನ್ನೊಂದು ತೊಡಕು ವೇಗದ್ದು. ಉರುಳೆ ತುಸು ಜೋರಾಗಿ ತಿರುಗಿದರೂ ಶ್ರುತಿ ಏರಿಬಿಡುತ್ತದೆ, ವೇಗ ದುಪ್ಪಟ್ಟಾದರೆ ಹಾಡು ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತದೆ. ಗೊತ್ತಿರುವ ಒಂದು ಸ್ವರವನ್ನು ಮೊದಲು ಊದಿ ದಾಖಲಿಸಿಕೊಂಡರೆ, ಆಮೇಲೆ ಕೇಳುವಾಗ ಅದಕ್ಕೆ ಸರಿಯಾಗಿ ವೇಗ ಹೊಂದಿಸಬಹುದು. ಆ ಕಾಲದ ಸಂಗ್ರಾಹಕರು ಕಂಡುಕೊಂಡ ಉಪಾಯ ಇದು. ಇದೇ ದೋಷ ಬಾರ್ಟೋಕ್‌ಗೆ ಸಾಧನವೂ ಆಯಿತು. ವೇಗ ಅರ್ಧಕ್ಕಿಳಿಸಿದರೆ ಹಾಡು ಒಂದು ಸ್ಥಾಯಿ ಕೆಳಗಿಳಿದು ನಿಧಾನವಾಗುತ್ತದೆ. ಮುದುಕಿಯೊಬ್ಬಳ ಗಂಟಲಿನಲ್ಲಿ ಮಿಂಚಿ ಮಾಯವಾಗುವ ಅಲಂಕಾರದ ಸ್ವರಗಳು ಆಗ ಒಂದೊಂದಾಗಿ ಎಣಿಕೆಗೆ ಸಿಗುತ್ತವೆ. ಅವನು ಬರೆದ ಸ್ವರಲಿಪಿಯ ಹಾಳೆಗಳಲ್ಲಿ ದಪ್ಪ ಸ್ವರಗಳ ಸುತ್ತ ಇರುವೆ ಸಾಲಿನಂತೆ ಕಾಣುವ ಪುಟ್ಟ ಸ್ವರಗಳು ಹೀಗೆ ಬಂದವು.

ಯಂತ್ರಕ್ಕಿಂತ ಮನುಷ್ಯರನ್ನು ಒಲಿಸುವುದು ಕಷ್ಟ. 1907ರ ಆಗಸ್ಟಿನಲ್ಲಿ ಟ್ರಾನ್ಸಿಲ್ವೇನಿಯದ ಹಳ್ಳಿಯೊಂದರಿಂದ ಪಿಟೀಲು ವಾದಕಿ ಶ್ಟೆಫಿ ಗೇಯರ್‌ಗೆ ಬರೆದ ಕಾಗದದಲ್ಲಿ ಬಾರ್ಟೋಕ್ ತನ್ನ ಪಾಡನ್ನು ನಾಟಕದ ಸಂಭಾಷಣೆಯಂತೆ ಬರೆದಿದ್ದಾನೆ. ತೀರ ಹಳೆಯ ಹಾಡು ಬೇಕಮ್ಮ ಎಂದು ಹಳ್ಳಿಯ ಹೆಂಗಸೊಬ್ಬಳನ್ನು ಇವನು ಕೇಳುತ್ತಾನೆ. ಇಷ್ಟು ದೂರದಿಂದ ಹಾಡು ಕೇಳಲು ಯಾರಾದರೂ ಬರುತ್ತಾರೆಯೇ, ಇವನು ತಮಾಷೆಗೆ ಬಂದವನೇ ಇರಬೇಕು ಎಂದು ಅವಳಿಗೆ ಗುಮಾನಿ. ಕೊನೆಗೆ ಒಪ್ಪಿದರೂ ಅವಳ ಬಾಯಿಗೆ ಬರುವುದು ಚರ್ಚಿನ ಹಾಡು, ಇಲ್ಲವೇ ಮೊನ್ನೆ ಮೊನ್ನೆ ಪಟ್ಟಣದಿಂದ ಬಂದ ಹಾಡು. ಅದಲ್ಲ, ಅದಲ್ಲ ಎನ್ನುತ್ತ ಇವನು ಬೆವರುತ್ತಾನೆ.

ಆ ಪ್ರವಾಸದಲ್ಲೇ ದೊಡ್ಡ ಬೇಟೆ ಸಿಕ್ಕಿತು. ಚೀಕ್ ಸೀಮೆಯ ಹಳೆಯ ಮಟ್ಟುಗಳಲ್ಲಿ ಐದೇ ಸ್ವರ. ನಮ್ಮ ಕಿವಿಗೆ ಹೇಳುವುದಾದರೆ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಅಂದರೆ ಶುದ್ಧ ಧನ್ಯಾಸಿಯ ಸ್ವರಗಳು, ಹಿಂದೂಸ್ತಾನಿಯವರಿಗೆ ಧಾನಿ. ಇದು ಪರಿಚಯಕ್ಕೆ ಕೊಟ್ಟ ಗುರುತು ಮಾತ್ರ, ಅಲ್ಲಿಂದಿಲ್ಲಿಗೆ ನೆಂಟಸ್ತನ ಕಟ್ಟಬೇಕಾಗಿಲ್ಲ. ಕಾಫಿ ಹೌಸಿನ ಸಂಗೀತದಲ್ಲಿ ಈ ಜಾಡೇ ಇರಲಿಲ್ಲ. ಅಲ್ಲಿ ನುಡಿಸುತ್ತಿದ್ದುದರಲ್ಲಿ ಬಹುಪಾಲು ಹತ್ತೊಂಬತ್ತನೇ ಶತಮಾನದ ಓದಿಕೊಂಡ ಮಂದಿ ಹವ್ಯಾಸಕ್ಕೆ ಕಟ್ಟಿದ ಹಾಡುಗಳು. ಲಿಸ್ಟ್ ಹೇಳಿದ್ದು ಹೀಗೆ ಬಿದ್ದುಹೋಯಿತು. ಅವನ ಎದುರಾಳಿಗಳು ತಮ್ಮ ಪ್ರಾಚೀನ ಸೊತ್ತೆಂದು ಎದೆಗವಚಿಕೊಂಡಿದ್ದೂ ನಿನ್ನೆ ಮೊನ್ನೆಯದಾಗಿತ್ತು.

ಇನ್ನು ವರ್ಗೀಕರಣ. ಸಾವಿರಾರು ಹಾಡು ಕೈಗೆ ಬಂದ ಮೇಲೆ ಅವನ್ನು ಯಾವ ಕ್ರಮದಲ್ಲಿ ಜೋಡಿಸುವುದು? ಸಾಹಿತ್ಯದ ಮೊದಲ ಅಕ್ಷರ ಹಿಡಿದರೆ ಪ್ರಯೋಜನವಿಲ್ಲ, ಒಂದೇ ಮಟ್ಟಿಗೆ ಹತ್ತು ಸಾಹಿತ್ಯವಿರುತ್ತದೆ. ಮಟ್ಟಿನ ಆರಂಭದ ಸ್ವರವನ್ನೂ ನಂಬುವಂತಿಲ್ಲ, ಹಾಡುವವರು ಎತ್ತುಗಡೆಯನ್ನು ತಮಗೆ ತೋಚಿದಂತೆ ಬದಲಿಸುತ್ತಾರೆ. ಫಿನ್ಲೆಂಡಿನ ಸಂಗೀತ ವಿದ್ವಾಂಸ ಇಲ್ಮಾರಿ ಕ್ರೋನ್ ಒಂದು ದಾರಿ ತೋರಿಸಿದ್ದ, ಬಾರ್ಟೋಕ್ ಅದನ್ನು ತನ್ನ ಸಾಮಗ್ರಿಗೆ ಒಗ್ಗಿಸಿಕೊಂಡ. ಮೊದಲು ಎಲ್ಲ ಹಾಡುಗಳನ್ನೂ ಅವುಗಳ ಕೊನೆಯ ಸ್ವರ ಒಂದೇ ಆಗುವಂತೆ ಸರಿಸಿ ಬರೆಯುವುದು. ಪಾಶ್ಚಾತ್ಯ ಲಿಪಿಯಲ್ಲಿ ಅದು ‘ಜಿ’. ಬಳಿಕ ಪ್ರತಿ ಸಾಲು ಯಾವ ಸ್ವರದ ಮೇಲೆ ನಿಲ್ಲುತ್ತದೆ ಎಂದು ನೋಡುವುದು. ಹಾಡು ಎಷ್ಟೇ ರೂಪ ಬದಲಿಸಿದರೂ ಸಾಲುಗಳ ನಿಲುಗಡೆ ಸುಲಭಕ್ಕೆ ಕದಲುವುದಿಲ್ಲ. ನಾಲ್ಕು ಸಾಲಿನ ಹಾಡಾದರೆ ಮೊದಲು ಎರಡನೇ ಸಾಲಿನ ನಿಲುಗಡೆ, ಆಮೇಲೆ ಮೊದಲನೆಯದರದು, ಬಳಿಕ ಮೂರನೆಯದರದು. ಅದೂ ಹೊಂದಿದರೆ ಸಾಲಿಗೆ ಎಷ್ಟು ಅಕ್ಷರ, ಮಟ್ಟು ಎಲ್ಲಿಂದೆಲ್ಲಿಗೆ ಸಂಚರಿಸುತ್ತದೆ ಎಂಬ ಲೆಕ್ಕ. ಎಲ್ಲೋ ದೂರದ ಎರಡು ಹಳ್ಳಿಗಳಲ್ಲಿ ಸಿಕ್ಕ ಒಂದೇ ಹಾಡಿನ ಎರಡು ರೂಪಗಳು ಹೀಗೆ ಅಕ್ಕಪಕ್ಕ ಬಂದು ಕೂರುತ್ತವೆ. ಗಣಕಯಂತ್ರದ ಹೆಸರೂ ಕೇಳದ ಕಾಲದಲ್ಲಿ ಕಾಗದ, ಪೆನ್ನು, ಕಿವಿ ಹಿಡಿದು ಮಾಡಿದ ದತ್ತಾಂಶ ಸಂಸ್ಕರಣೆ ಇದು.

1924ರಲ್ಲಿ ಬಂದ ಹಂಗೇರಿಯ ಜನಪದ ಗೀತೆಯ ಮೇಲಿನ ಗ್ರಂಥದಲ್ಲಿ ಅವನು ಮೂರು ಗುಂಪು ಮಾಡಿದ. ಹಳೆಯ ಶೈಲಿ, ಹೊಸ ಶೈಲಿ, ಬೆರಕೆ. ಹಳೆಯದರ ಗುರುತು ಪಂಚಸ್ವರ, ಮಾತಿನ ಲಯಕ್ಕೆ ತಕ್ಕ ಬಿಡುಬೀಸಾದ ನಡೆ, ಮೇಲಿನಿಂದ ಕೆಳಗಿಳಿಯುವ ಮಟ್ಟು. ಇವುಗಳಲ್ಲಿ ಎಷ್ಟೋ ಹಾಡುಗಳು ಮೊದಲೆರಡು ಸಾಲನ್ನು ಮೇಲಿನ ನೆಲೆಯಲ್ಲಿ ಹಾಡಿ, ಮುಂದಿನೆರಡು ಸಾಲಿನಲ್ಲಿ ಅದೇ ಸಂಚಾರವನ್ನು ಐದು ಸ್ವರ ಕೆಳಗೆ, ಪಂಚಮದಲ್ಲಿದ್ದುದನ್ನು ಷಡ್ಜಕ್ಕೆ ಇಳಿಸಿ ಹಾಡುತ್ತವೆ. ಹೊಸ ಶೈಲಿ ಹಾಗಲ್ಲ. ಕುಣಿತಕ್ಕೆ ಒಗ್ಗುವ ಬಿಗಿ ತಾಳ, ಮೊದಲ ಸಾಲು ಕೊನೆಗೆ ಮರಳಿ ಬರುವ ಕಟ್ಟಡ. 1934ರಿಂದ ಪಾಠದ ಹೊರೆ ಇಳಿಸಿಕೊಂಡು ಹಂಗೇರಿಯ ವಿಜ್ಞಾನ ಅಕಾಡೆಮಿಯಲ್ಲಿ ಅವನು ಮಾಡಿದ್ದೆಲ್ಲ ಇದೇ ಕೆಲಸ. ಬೇರೆಯವರು ಸಂಗ್ರಹಿಸಿದ್ದನ್ನೂ ಸೇರಿಸಿ 13 ಸಾವಿರಕ್ಕೂ ಹೆಚ್ಚು ಹಾಡುಗಳನ್ನು ಜೋಡಿಸಿದ, ಮಾನದಂಡಗಳನ್ನು ಮತ್ತೆ ಮತ್ತೆ ತಿದ್ದಿದ.

ಹಂಗೇರಿಯ ಹಾಡು ಯಾವುದು ಎಂದು ತಿಳಿಯಬೇಕಾದರೆ ಪಕ್ಕದವರ ಹಾಡು ಹೇಗಿದೆ ಎಂದೂ ತಿಳಿಯಬೇಕು. ಬಾರ್ಟೋಕ್ ಮೊದಲ ವರ್ಷವೇ ಸ್ಲೊವಾಕ್ ಹಾಡುಗಳಿಗೆ ಕೈಹಾಕಿದ್ದ. ಬಳಿಕ ಭಾಷೆ ಕಲಿತು ರೊಮೇನಿಯನ್ ಹಳ್ಳಿಗಳನ್ನು ಸುತ್ತಿದ, ಅಲ್ಲೇ ಮೂರು ಸಾವಿರಕ್ಕೂ ಹೆಚ್ಚು ಮಟ್ಟು ಸಿಕ್ಕಿದವು. 1913ರಲ್ಲಿ ಅಲ್ಜೀರಿಯದ ಬಿಸ್ಕ್ರಾಕ್ಕೂ ಹೋಗಿ, ಸೆಕೆಗೆ ಕಾಯಿಲೆ ಬಿದ್ದು ಮರಳಿದ. ಹೀಗೆ ಪಕ್ಕ ಪಕ್ಕ ಇಟ್ಟು ನೋಡಿದಾಗ ತಿಳಿದದ್ದು ಅವನ ಹಳೆಯ ರಾಷ್ಟ್ರಾಭಿಮಾನಕ್ಕೆ ಒಪ್ಪುವಂಥದ್ದಲ್ಲ. ಮಟ್ಟುಗಳು ಗಡಿ ದಾಟುತ್ತವೆ, ದಾಟಿದಾಗ ರೂಪ ಬದಲಿಸುತ್ತವೆ, ಬದಲಾದದ್ದು ಇನ್ನೂ ಸೊಗಸಾಗಿ ಹಿಂತಿರುಗುತ್ತದೆ. ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿ 1920ರ ಒಪ್ಪಂದದಲ್ಲಿ ತನ್ನ ಮೂರನೇ ಎರಡು ಭಾಗ ನೆಲ ಕಳೆದುಕೊಂಡಿತು, ಬಾರ್ಟೋಕ್ ಅಲೆದ ಎಷ್ಟೋ ಹಳ್ಳಿಗಳು ಪರದೇಶವಾದವು. ಅಂಥ ಹೊತ್ತಿನಲ್ಲಿ ರೊಮೇನಿಯನ್ನರ ಸಂಗೀತದ ಬಗ್ಗೆ ಅವನು ಪ್ರಕಟಿಸಿದ ಲೇಖನ ಕಂಡು ಹಂಗೇರಿಯ ಪತ್ರಿಕೆಗಳಲ್ಲಿ ಅವನನ್ನು ದೇಶದ್ರೋಹಿಯಂತೆ ಜರೆದರು. 1942ರಲ್ಲಿ, ಯುರೋಪಿನಲ್ಲಿ ಜನಾಂಗ ಶುದ್ಧಿಯ ಹುಚ್ಚು ತಲೆಗೇರಿದ್ದಾಗ, ಸಂಗೀತದಲ್ಲಿ ಬೆರಕೆಯೇ ಶ್ರೀಮಂತಿಕೆ ತಂದದ್ದು ಎಂದು ಅವನು ವಾದಿಸಿದ್ದರ ಹಿಂದೆ ಮೂರೂವರೆ ದಶಕದ ಅಳತೆ ಇತ್ತು.

1936ರ ಟರ್ಕಿ ಪ್ರವಾಸ ಒಂದು ಪ್ರಯೋಗದಂತೆಯೇ ನಡೆಯಿತು. ಹಂಗೇರಿಯನ್ನರ ಪೂರ್ವಿಕರು ಒಂದು ಕಾಲಕ್ಕೆ ತುರ್ಕಿ ಬುಡಕಟ್ಟುಗಳ ಜೊತೆ ಬಾಳಿದವರು. ಹಳೆಯ ಶೈಲಿ ಅಷ್ಟು ಹಿಂದಿನದಾದರೆ ಅದರ ಬಂಧುಗಳು ಅಲ್ಲೂ ಸಿಗಬೇಕಲ್ಲ? ಸಂಗೀತಗಾರ ಅಹ್ಮದ್ ಅದ್ನಾನ್ ಸೈಗುನ್ ಜೊತೆ ಅದಾನಾ ಸೀಮೆಗೆ ಹೋದ. ಒಸ್ಮಾನಿಯೆಯಲ್ಲಿ ಎಪ್ಪತ್ತರ ಮುದುಕನೊಬ್ಬ ಹಾಡತೊಡಗಿದಾಗ, ಅದು ಹಳೆಯ ಹಂಗೇರಿಯನ್ ಮಟ್ಟಿನದೇ ಒಂದು ರೂಪ ಎನಿಸಿ ಬಾರ್ಟೋಕ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ತಕರಾರು ಹೇಳಬೇಕು. ಅವನು ಹುಡುಕಿದ್ದು ಊರು ಬಿಟ್ಟು ಹೋಗದವರನ್ನು, ವಯಸ್ಸಾದವರನ್ನು, ಹೆಚ್ಚಾಗಿ ಹೆಂಗಸರನ್ನು. ಹಳೆಯದೇ ಬೇಕು ಎಂದು ಹೊರಟವನಿಗೆ ಹಳೆಯದೇ ಸಿಗುತ್ತದೆ. ಪಟ್ಟಣದ ಹಾಡು ಹಾಡಿದವರನ್ನು ತಡೆದು ಬೇರೆ ಕೇಳುತ್ತಿದ್ದ ಎಂದರೆ, ಆ ವರ್ಷ ಆ ಹಳ್ಳಿ ನಿಜಕ್ಕೂ ಏನು ಹಾಡುತ್ತಿತ್ತು ಎಂಬುದರ ಪೂರ್ತಿ ಚಿತ್ರ ಆ ಉರುಳೆಗಳಲ್ಲಿಲ್ಲ. ಕಾಫಿ ಹೌಸಿನ ರೋಮಾ ವಾದ್ಯಗಾರರ ಕೈಚಳಕಕ್ಕೂ ಅವನ ತಕ್ಕಡಿಯಲ್ಲಿ ತೂಕ ಕಮ್ಮಿಯೇ.

ಈ ಸಂಶೋಧನೆ ಅವನ ರಚನೆಗಳಲ್ಲಿ ಇಳಿದ ಬಗೆಗೆ ಒಂದೇ ಉದಾಹರಣೆ ಸಾಕು. 1914ರಲ್ಲಿ ರೊಮೇನಿಯನ್ ಹಳ್ಳಿಗಳಲ್ಲಿ ಅವನಿಗೆ ಚಳಿಗಾಲದ ಹಬ್ಬದ ಹಾಡೊಂದು ಸಿಕ್ಕಿತ್ತು. ಬೇಟೆಗೆ ಹೋದ ಒಂಬತ್ತು ಗಂಡುಮಕ್ಕಳು ಜಿಂಕೆಗಳಾಗುತ್ತಾರೆ, ಕರೆಯಲು ಬಂದ ಅಪ್ಪನೊಂದಿಗೆ ಮನೆಗೆ ಮರಳಲು ಒಪ್ಪುವುದಿಲ್ಲ. ಆ ಕತೆಯೇ 1930ರ ‘ಕಾಂಟಾಟಾ ಪ್ರೊಫಾನಾ’ ಎಂಬ ಗಾಯನಕೃತಿ ಆಯಿತು. ಆದರೆ ಅದರಲ್ಲಿ ಮೂಲ ಮಟ್ಟು ಹಾಗೇ ಬರುವುದಿಲ್ಲ, ಸಂಗೀತ ಪೂರ್ತಿ ಅವನದೇ.

ವಿಜ್ಞಾನದ ಹೆಸರಿನಲ್ಲಿ ಬಾರ್ಟೋಕ್‌ಗೆ ಅಂಟಿಕೊಂಡ ಇನ್ನೊಂದು ಕತೆಯೂ ಇದೆ. ತಂತಿವಾದ್ಯ, ತಾಳವಾದ್ಯ, ಸೆಲೆಸ್ಟಾಗಳಿಗೆ 1936ರಲ್ಲಿ ಬರೆದ ಕೃತಿಯ ಮೊದಲ ಭಾಗದಲ್ಲಿ 89 ತಾಳಖಂಡ, ಶಿಖರ ಬರುವುದು 55ರ ಬಳಿ, ಎರಡೂ ಫಿಬೊನಾಚಿ ಸಂಖ್ಯೆ (ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಸರಣಿ, ಅದರ ಅಕ್ಕಪಕ್ಕದ ಸಂಖ್ಯೆಗಳ ಅನುಪಾತ ಸುವರ್ಣ ಅನುಪಾತದ ಹತ್ತಿರ), ಆದ್ದರಿಂದ ಇಲ್ಲಿ ಸುವರ್ಣ ಅನುಪಾತವಿದೆ ಎಂದು ಹಂಗೇರಿಯ ಸಂಗೀತ ವಿದ್ವಾಂಸ ಎರ್ನೊ ಲೆಂದ್ವೈ ವಾದಿಸಿದ. ಅಂತರ್ಜಾಲದಲ್ಲಿ ಇದನ್ನು ಕಣ್ಣುಮುಚ್ಚಿ ಹಂಚುವವರು ಬಹಳ. ಅಚ್ಚಾದ ಲಿಪಿಯಲ್ಲಿರುವುದು 88 ತಾಳಖಂಡ. 89 ಆಗಬೇಕಾದರೆ ಕೊನೆಗೊಂದು ಮೌನದ ಖಂಡವನ್ನು ನಾವೇ ಸೇರಿಸಬೇಕು. ತಾನು ಹೀಗೆ ಎಣಿಸಿ ಬರೆದೆ ಎಂದು ಬಾರ್ಟೋಕ್ ಎಲ್ಲೂ ಹೇಳಿಲ್ಲ. ಲೆಕ್ಕಕ್ಕೆ ಸಂಗೀತವನ್ನು ಹೊಂದಿಸುವ ಇಂಥ ಕೆಲಸಕ್ಕಿಂತ ಹಾಡಿನ ಸಾಲುಗಳ ನಿಲುಗಡೆ ಗುರುತಿಸುತ್ತ ಕೂತ ಬಾರ್ಟೋಕ್‌ನ ಲೆಕ್ಕ ನನಗೆ ಹೆಚ್ಚು ವೈಜ್ಞಾನಿಕವಾಗಿ ಕಾಣುತ್ತದೆ.

ನಾಜಿಗಳ ನೆರಳು ಹಂಗೇರಿಯ ಮೇಲೂ ಬಿತ್ತು. ತಾಯಿ 1939ರ ಕೊನೆಗೆ ತೀರಿಕೊಂಡಳು, ಮರುವರ್ಷ ಅಕ್ಟೋಬರಿನಲ್ಲಿ ಅವನು ಹೆಂಡತಿ ದಿತ್ತಾಳೊಂದಿಗೆ ಅಮೆರಿಕಕ್ಕೆ ಹೊರಟ. ಹೊರಡುವ ಮುನ್ನ ಬರೆದ ಉಯಿಲಿನಲ್ಲಿ ಒಂದು ಷರತ್ತು: ಬುಡಾಪೆಸ್ಟಿನ ಚೌಕಗಳಿಗೆ ಹಿಟ್ಲರ್, ಮುಸೊಲಿನಿಯರ ಹೆಸರು ಇರುವ ತನಕ ದೇಶದ ಯಾವ ರಸ್ತೆಗೂ ತನ್ನ ಹೆಸರಿಡಕೂಡದು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯ ಅವನಿಗೆ ಕೊಟ್ಟ ಕೆಲಸ ಪಿಯಾನೊ ಪಾಠದ್ದಲ್ಲ. ಹಾರ್ವರ್ಡಿನ ವಿದ್ವಾಂಸ ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯದಲ್ಲಿ ಅಲ್ಯೂಮಿನಿಯಂ ತಟ್ಟೆಗಳ ಮೇಲೆ ದಾಖಲಿಸಿ ತಂದ ಹಾಡುಗಳಿಗೆ ಸ್ವರಲಿಪಿ ಬರೆಯುವುದು. ಅವುಗಳಲ್ಲಿ 75 ಹಾಡುಗಳನ್ನು ಎಳೆ ಎಳೆಯಾಗಿ ಬರೆದ. ಅಷ್ಟರಲ್ಲಿ ರಕ್ತದ ಕ್ಯಾನ್ಸರು ಮೈಯನ್ನು ಹಿಂಡತೊಡಗಿತ್ತು, 1943ರಲ್ಲಿ ಅವನ ತೂಕ 40 ಕಿಲೋದಷ್ಟಕ್ಕೆ ಇಳಿದಿತ್ತು. ಅದೇ ವರ್ಷ ‘ಕನ್ಸರ್ಟೊ ಫಾರ್ ಆರ್ಕೆಸ್ಟ್ರಾ’ ಬರೆದ. 1945ರ ಸೆಪ್ಟೆಂಬರ್ 26ರಂದು ತೀರಿಕೊಂಡಾಗ ಮೂರನೇ ಪಿಯಾನೊ ಕನ್ಸರ್ಟೊದ ಕೊನೆಯ 17 ತಾಳಖಂಡಗಳಿಗೆ ವಾದ್ಯವಿನ್ಯಾಸ ಬಾಕಿಯಿತ್ತು, ಶಿಷ್ಯಸಮಾನನಾದ ತಿಬೋರ್ ಶೆರ್ಲಿ ಅದನ್ನು ಮುಗಿಸಿಕೊಟ್ಟ.

ಹಾಡಿನ ಸಂಪುಟಗಳು ಒಂದೊಂದೇ ಹೊರಬಂದವು. ಯುಗೊಸ್ಲಾವಿಯದ ಹಾಡುಗಳ ಪುಸ್ತಕ 1951ರಲ್ಲಿ, ರೊಮೇನಿಯನ್ ಹಾಡುಗಳ ಐದು ಸಂಪುಟಗಳು 1967ರಿಂದ 1975ರ ತನಕ. ಬುಡಾಪೆಸ್ಟಿನಲ್ಲಿ ಅವನು ಜೋಡಿಸಿಟ್ಟು ಹೋದ ಹಂಗೇರಿಯನ್ ಹಾಡುಗಳ ಮೊದಲ ಸಂಪುಟ ಅಚ್ಚಾದದ್ದು 1991ರಲ್ಲಿ. ಈಗ ಆ ಇಡೀ ಜೋಡಣೆ ಅಂತರ್ಜಾಲದಲ್ಲಿದೆ, ಅವನ ಕೈಬರಹದ ಹಾಳೆಗಳನ್ನು ಒಂದೊಂದಾಗಿ ತೆರೆದು ನೋಡಬಹುದು.