ಹಗೇವಿನಲ್ಲಿ ಕೂಡಿಡಲಾಗದ ಕಸುಬು

ಬೀದರಿನ ವಾಯುಪಡೆ ನೆಲೆಯ ಆಸುಪಾಸಿನಲ್ಲಿ ಬೆಳೆದವರಿಗೆ ಜೆಟ್ ವಿಮಾನದ ಸದ್ದು ಹೊಸದಲ್ಲ. ತೊಗರಿ ಹೊಲದಲ್ಲಿ ಕಳೆ ಕೀಳುವವರು ಆ ಸದ್ದಿಗೆ ತಲೆ ಎತ್ತುವುದನ್ನೇ ಬಿಟ್ಟು ಎಷ್ಟೋ ವರ್ಷಗಳಾದವು. ಆದರೆ ಪರ ಊರಿನಿಂದ ಬಂದ ನೆಂಟರ ಮಕ್ಕಳು ಒಂದು ಸಂಗತಿಯನ್ನು ತಪ್ಪದೆ ಗಮನಿಸುತ್ತಾರೆ. ಹಾಕ್ ಎಂಬ ತರಬೇತಿ ವಿಮಾನವೊಂದು ರನ್‌ವೇಗೆ ಇಳಿದು, ಚಕ್ರ ನೆಲಕ್ಕೆ ತಾಗಿದ ಕೂಡಲೇ ಮತ್ತೆ ಮೇಲೇರಿ, ದೊಡ್ಡದೊಂದು ಸುತ್ತು ಹಾಕಿ, ಪುನಃ ಅದೇ ಜಾಗಕ್ಕೆ ಬರುತ್ತದೆ. ಮತ್ತೆ ಮೇಲೇರುತ್ತದೆ, ಮತ್ತೆ ಬರುತ್ತದೆ. "ಇದಕ್ಕ ಇಳೀಲಿಕ್ಕೆ ಬರಂಗಿಲ್ಲೇನು?" ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಪ್ರಶ್ನೆ ಸರಿಯಾದದ್ದೇ. ಇಳಿಯುವುದನ್ನು ಕಲಿಯಲೆಂದು ಮೊದಲು ಹೀಗೆ ಸುತ್ತುತ್ತಾರೆ. ಕಲಿತ ಮೇಲೂ, ಕಲಿತದ್ದು ಕೈತಪ್ಪಿ ಹೋಗದಿರಲೆಂದು ಸುತ್ತುತ್ತಲೇ ಇರಬೇಕಾಗುತ್ತದೆ.

ನಮ್ಮ ಭಾಗದ ಹಿರಿಯರು ಸುಗ್ಗಿಯಲ್ಲಿ ಬಂದ ಜೋಳವನ್ನು ನೆಲದೊಳಗಿನ ಹಗೇವಿಗೆ ಸುರಿದು, ಬಾಯಿ ಮುಚ್ಚಿ, ಬರಗಾಲಕ್ಕೆಂದು ಕಾದಿಡುತ್ತಿದ್ದರು. ದೇಶಗಳು ಮೀಸಲು ಸೇನೆ ಕಟ್ಟುವುದರ ಹಿಂದೆಯೂ ಇದೇ ಲೆಕ್ಕಾಚಾರವಿದೆ. ಶಾಂತಿಕಾಲದಲ್ಲಿ ತಮ್ಮ ತಮ್ಮ ಉದ್ಯೋಗದಲ್ಲಿರುವ ಜನರಿಗೆ ಅಲ್ಪಸ್ವಲ್ಪ ತರಬೇತಿ ಕೊಟ್ಟಿಟ್ಟರೆ, ಯುದ್ಧ ಬಂದ ದಿನ ಅವರನ್ನು ಹೊರತೆಗೆಯಬಹುದು. ಕಾಲಾಳುಗಳ ಮಟ್ಟಿಗೆ ಈ ಲೆಕ್ಕ ಬಹುಪಾಲು ಸರಿಹೋಗುತ್ತದೆ. ಆದರೆ ವಿಮಾನ ಹಾರಿಸುವ ಕಸುಬನ್ನು ಹೀಗೆ ಹಗೇವಿನಲ್ಲಿ ಇಡಲು ಸಾಧ್ಯವೇ? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಒಂದು ಮೀಸಲು ಸ್ಕ್ವಾಡ್ರನ್ನಿನ, ಅಂದರೆ ವಾಯುಪಡೆಯ ತುಕಡಿಯ, ಚರಿತ್ರೆ ಈ ಪ್ರಶ್ನೆಗೆ ಕೊಡುವಷ್ಟು ವಿವರವಾದ ಉತ್ತರವನ್ನು ಬೇರೆಲ್ಲೂ ನಾನು ಕಂಡಿಲ್ಲ.

ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ವಾಯುಪಡೆ ಬಹಳ ಕುಗ್ಗಿಹೋಗಿತ್ತು. ಅದರ ಮುಖ್ಯಸ್ಥ ಹ್ಯೂ ಟ್ರೆಂಚರ್ಡ್ ನಗರಗಳ ನಾಗರಿಕರಿಂದಲೇ ಸಹಾಯಕ ವಾಯುಪಡೆ ಕಟ್ಟುವ ಯೋಜನೆ ಮುಂದಿಟ್ಟನು. 1924ರಲ್ಲಿ ಅದಕ್ಕೆ ಕಾನೂನು ಬಂತು; 1925ರ ಸೆಪ್ಟೆಂಬರ್ 12ರಂದು ರೆನ್‌ಫ್ರೂ ಎಂಬಲ್ಲಿ ಆ ಪಡೆಯ ಮೊಟ್ಟಮೊದಲ ಘಟಕವಾಗಿ 602ನೇ ಸ್ಕ್ವಾಡ್ರನ್ ಹುಟ್ಟಿತು. ವಾರವೆಲ್ಲ ಹೊಲ, ಕಚೇರಿ, ಕಾರ್ಖಾನೆಗಳಲ್ಲಿ ದುಡಿಯುವವರು ಸಂಜೆ ಪಾಠ ಕೇಳಿ, ವಾರಾಂತ್ಯದಲ್ಲಿ ಹಾರಾಟ ನಡೆಸಿ, ವರ್ಷಕ್ಕೊಮ್ಮೆ ಎರಡು ವಾರಗಳ ಶಿಬಿರಕ್ಕೆ ಹೋಗುತ್ತಿದ್ದರು. ಅವರಿಗೆ ಮೊದಲು ಸಿಕ್ಕಿದ್ದು ಹಳೆಯ ಯುದ್ಧದ ಡಿ.ಎಚ್. 9ಎ ಬಾಂಬರುಗಳು, ಕೆಲವು ವರ್ಷಗಳ ಮೇಲೆ ವೆಸ್ಟ್‌ಲೆಂಡ್ ವಾಪಿಟಿಗಳು ಬಂದವು. ಎರಡು ಅಂತಸ್ತಿನ ರೆಕ್ಕೆ, ತೆರೆದ ಆಸನ, ಮಡಚಲಾಗದ ಚಕ್ರ, ನಿಧಾನದ ನಡೆ. ವಾರಕ್ಕೊಮ್ಮೆ ಹತ್ತಿದವನನ್ನೂ ಕ್ಷಮಿಸುವಂಥ ಯಂತ್ರಗಳು ಅವು.

ಈ ವಾರಾಂತ್ಯದ ಹಾರಾಟಗಾರರ ಸಾಧನೆಯೊಂದು ನಮ್ಮ ದೇಶದ ನೆಲದಿಂದಲೇ ಶುರುವಾಯಿತು. 1933ರ ಏಪ್ರಿಲ್ 3ರಂದು ಬಿಹಾರದ ಪೂರ್ಣಿಯಾ ಸಮೀಪದಿಂದ ಎರಡು ವಿಮಾನಗಳು ಮೇಲೆದ್ದು, ಮನುಷ್ಯ ಅದುವರೆಗೆ ಕಾಲಿಡದಿದ್ದ ಎವರೆಸ್ಟ್ ಶಿಖರದ ಮೇಲೆ ಹಾದುಹೋದವು. ಒಂದನ್ನು ನಡೆಸಿದವನು 602ರ ನಾಯಕ ಲಾರ್ಡ್ ಕ್ಲೈಡ್ಸ್‌ಡೇಲ್, ಇನ್ನೊಂದನ್ನು ಅದೇ ಸ್ಕ್ವಾಡ್ರನ್ನಿನ ಡೇವಿಡ್ ಮ್ಯಾಕಿಂಟೈರ್. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಒಂದು ಪಾಲಿಗೆ ಇಳಿದಿರುತ್ತದೆ. ಎಂಜಿನ್ನಿಗೆ ಉಸಿರು ಕಟ್ಟದಂತೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಬೇಕು, ಮನುಷ್ಯರಿಗೆ ಆಮ್ಲಜನಕದ ಕೊಳವೆ ಬೇಕು, ತೆರೆದ ಆಸನದಲ್ಲಿ ಕೂತವರಿಗೆ ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ಬೇಕು. ಮ್ಯಾಕಿಂಟೈರ್‌ನ ಹಿಂದೆ ಕೂತಿದ್ದ ಛಾಯಾಗ್ರಾಹಕ ಬಾನೆಟ್‌ನ ಆಮ್ಲಜನಕದ ಕೊಳವೆ ಒಡೆದು ಅವನು ಹಾರಾಟದ ನಡುವೆಯೇ ಪ್ರಜ್ಞೆ ತಪ್ಪಿದ್ದನು. ಇದಕ್ಕೆ ಎರಡೇ ದಿನ ಮೊದಲು, ಏಪ್ರಿಲ್ 1ರಂದು, ಕರಾಚಿಯ ಡ್ರಿಗ್ ರೋಡಿನಲ್ಲಿ ನಾಲ್ಕು ವಾಪಿಟಿಗಳೊಡನೆ ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಆರಂಭವಾಗಿತ್ತು. ಮ್ಯಾಕಿಂಟೈರ್ ಹಾರಿಸಿದ ವ್ಯಾಲೇಸ್ ವಿಮಾನವೂ ವಾಪಿಟಿಯನ್ನೇ ತಿದ್ದಿ ಮಾಡಿದ್ದು.

ನಿಜವಾದ ಪರೀಕ್ಷೆ ಬಂದದ್ದು 1939ರ ಮೇ ತಿಂಗಳಲ್ಲಿ, ಸಹಾಯಕ ಪಡೆಗಳ ಪೈಕಿ ಎಲ್ಲರಿಗಿಂತ ಮೊದಲು 602ಕ್ಕೆ ಸ್ಪಿಟ್‌ಫೈರ್ ಯುದ್ಧವಿಮಾನಗಳು ಬಂದಾಗ. ಅದರ ಮೊದಲ ಮಾದರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನೆಲ ಬಿಟ್ಟ ಕೂಡಲೇ ಚಕ್ರ ಮೇಲೆತ್ತಬೇಕು. ಅದಕ್ಕೆ ಬಲಗಡೆ ಕೈಪಂಪು ಇತ್ತು. ಪೈಲಟ್ ಎಡಗೈಯನ್ನು ಎಂಜಿನ್ನಿನ ಬಲ ಹೆಚ್ಚಿಸಿ ತಗ್ಗಿಸುವ ಥ್ರಾಟಲ್‌ನಿಂದ ತೆಗೆದು ನಿಯಂತ್ರಣ ಕೋಲಿಗೆ ತಂದು, ಬಲಗೈಯಿಂದ ಪಂಪು ಒತ್ತತೊಡಗಬೇಕು. ಒಂದು ಕೈ ಹಿಂದೆಮುಂದೆ ಆಡುವಾಗ ಇನ್ನೊಂದು ಕೈಯೂ ತನಗರಿವಿಲ್ಲದೆ ಆಡುತ್ತದೆ. ಹಾಗಾಗಿ ಹೊಸಬನ ಸ್ಪಿಟ್‌ಫೈರ್ ಮೂಗು ಮೇಲೆ ಕೆಳಗೆ ಮಾಡುತ್ತ ಏರುವುದನ್ನು ನೆಲದಲ್ಲಿದ್ದವರು ನೋಡಿಯೇ ಗುರುತಿಸುತ್ತಿದ್ದರು. ನೆಲದ ಮೇಲೂ ಬಿಡುವಿಲ್ಲ. ಎಂಜಿನ್ನನ್ನು ತಣಿಸುವ ರೇಡಿಯೇಟರ್ ರೆಕ್ಕೆಯಡಿ ಇದ್ದುದರಿಂದ ನಿಂತಲ್ಲಿ ಗಾಳಿ ಸಾಲದೆ ಎಂಜಿನ್ ಬಿಸಿಯೇರುತ್ತಿತ್ತು. ಚಕ್ರ ಇಳಿಸುವುದನ್ನು ಮರೆತರೆ ವಿಮಾನ ಹೊಟ್ಟೆಯ ಮೇಲೆ ಇಳಿಯುತ್ತಿತ್ತು. ಸುಮಾರು ಹದಿನಾಲ್ಕು ವರ್ಷ ಮಡಚಲಾಗದ ಚಕ್ರದ ವಿಮಾನಗಳನ್ನೇ ಹಾರಿಸಿದ ಸ್ಕ್ವಾಡ್ರನ್ನಿಗೆ ಅದು ಸುಲಭವಾಗಿ ಆಗಬಹುದಾದ ಮರೆವು.

ಇಲ್ಲಿಯೇ ಮನುಷ್ಯನ ನೆನಪಿನ ಸ್ವಭಾವ ಅಡ್ಡಬರುತ್ತದೆ. ಕೈಗೆ ಪಳಗಿದ ಸತತ ಚಲನೆ, ಅಂದರೆ ಸೈಕಲ್ ತುಳಿಯುವುದು, ವಿಮಾನವನ್ನು ಸಮತೋಲದಲ್ಲಿ ಹಿಡಿಯುವುದು, ವರ್ಷಗಟ್ಟಲೆ ಬಿಟ್ಟರೂ ಬಹುಮಟ್ಟಿಗೆ ಉಳಿದಿರುತ್ತದೆ. ಬೇಗ ಅಳಿಸಿಹೋಗುವುದು ಒಂದರ ನಂತರ ಒಂದು ಮಾಡಬೇಕಾದ ಬಿಡಿ ಬಿಡಿ ಹಂತಗಳ ಸರಣಿ. ಕೌಶಲದ ಸವೆತವನ್ನು ಅಳೆದ ಮನೋವಿಜ್ಞಾನಿಗಳು ಈ ವ್ಯತ್ಯಾಸವನ್ನು ಮತ್ತೆ ಮತ್ತೆ ಕಂಡಿದ್ದಾರೆ. 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್ 299 ಎಂಬ ದೊಡ್ಡ ಬಾಂಬರ್ ಪರೀಕ್ಷಾ ಹಾರಾಟದಲ್ಲಿ ಬಿದ್ದು ಉರಿಯಿತು. ನಡೆಸುತ್ತಿದ್ದವರು ಅನನುಭವಿಗಳಲ್ಲ, ವಿಮಾನದ ಹೊರಮೈಯ ಚಲಿಸುವ ನಿಯಂತ್ರಣ ಫಲಕಗಳನ್ನು ನಿಂತಾಗ ಕಟ್ಟಿಡುವ ಬೀಗವನ್ನು ಬಿಚ್ಚುವ ಒಂದೇ ಒಂದು ಹಂತ ತಪ್ಪಿತ್ತು. ಪೈಲಟ್ ಕೈಯಲ್ಲಿ ಚೆಕ್‌ಲಿಸ್ಟ್ ಹಿಡಿದು ಓದುವ ಪದ್ಧತಿ ವಾಯುಯಾನದಲ್ಲಿ ಬೇರೂರಿದ್ದು ಆ ಅಪಘಾತದಿಂದ.

ಹಾಗಾದರೆ 602ರವರು ಯುದ್ಧದಲ್ಲಿ ಹೇಗೆ ಗೆದ್ದರು? 1939ರ ಅಕ್ಟೋಬರ್ 16ರಂದು ಫರ್ತ್ ಆಫ್ ಫೋರ್ತ್ ಕೊಲ್ಲಿಯ ಹಡಗುಗಳ ಮೇಲೆ ಜರ್ಮನ್ ಬಾಂಬರುಗಳು ಎರಗಿದಾಗ ಅವನ್ನು ಹೊಡೆದುರುಳಿಸಿದ್ದು ಖಾಯಂ ಪಡೆಗಳಲ್ಲ, ಗ್ಲಾಸ್ಗೋದ 602 ಮತ್ತು ಎಡಿನ್‌ಬರೋದ 603 ಎಂಬ ಎರಡು ಮೀಸಲು ಸ್ಕ್ವಾಡ್ರನ್ನುಗಳು. ಅಂದು ಹೋರಾಡಿದವರಲ್ಲಿ ಜಾರ್ಜ್ ಪಿಂಕರ್ಟನ್ ಒಬ್ಬ ರೈತ. ಆರ್ಚಿ ಮೆಕೆಲ್ಲರ್ ಗೋಡೆಗೆ ಗಾರೆ ಮಾಡುವ ಕಸುಬಿನವನು. ಮರುವರ್ಷ ಆಗಸ್ಟಿನಿಂದ 602 ಇಂಗ್ಲೆಂಡಿನ ದಕ್ಷಿಣ ತೀರದ ವೆಸ್ಟ್‌ಹ್ಯಾಂಪ್‌ನೆಟ್‌ನಲ್ಲಿದ್ದು, ಜರ್ಮನ್ ವಾಯುಪಡೆಯೊಡನೆ ನಡೆದ ಬ್ರಿಟನ್ ಕದನದ ತೀವ್ರತೆಯನ್ನು ಎದುರಿಸಿತು. ಇದನ್ನು ಓದಿ ವಾರಾಂತ್ಯದ ತರಬೇತಿಯೇ ಸಾಕಾಯಿತೆಂದು ತಿಳಿಯುವುದು ತಪ್ಪು. 1939ರ ಆಗಸ್ಟ್ ಕೊನೆಯಲ್ಲೇ ಅವರನ್ನು ಪೂರ್ಣಾವಧಿಗೆ ಕರೆಸಿಕೊಳ್ಳಲಾಗಿತ್ತು. ಬ್ರಿಟನ್ ಕದನದ ಹೊತ್ತಿಗೆ ಅವರು ಸುಮಾರು ಒಂದು ವರ್ಷ ದಿನನಿತ್ಯ ಹಾರಿದ್ದರು. ಮೀಸಲು ಸ್ಕ್ವಾಡ್ರನ್ ಕೊಟ್ಟದ್ದು ಅಡಿಪಾಯವನ್ನು, ಒಬ್ಬರನ್ನೊಬ್ಬರು ಬಲ್ಲ ಜನರನ್ನು, ಒಂದು ಊರಿನ ಹೆಸರಿನ ಅಭಿಮಾನವನ್ನು. ಉಳಿದದ್ದನ್ನು ದಿನದಿನದ ಹಾರಾಟ ಕಟ್ಟಿತು. ಆ ಅಡಿಪಾಯ ಕಡಿಮೆಯದೆಂದು ನಾನು ಹೇಳುವುದಿಲ್ಲ. ಅದು ಇಲ್ಲದಿದ್ದರೆ ಆ ಒಂದು ವರ್ಷದಲ್ಲಿ ಕಟ್ಟಲು ಏನೂ ಇರುತ್ತಿರಲಿಲ್ಲ.

ಇದೇ ಪದ್ಧತಿ ಭಾರತಕ್ಕೂ ಬಂತು. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ಸ್ವಯಂಸೇವಕ ಮೀಸಲಿನವರು ಮದ್ರಾಸ್, ಬೊಂಬಾಯಿ, ಕಲ್ಕತ್ತೆ ಮುಂತಾದ ಬಂದರುಗಳಲ್ಲಿ ಕರಾವಳಿ ರಕ್ಷಣೆಯ ತುಕಡಿಗಳಾಗಿ ಹಳೆಯ ವಾಪಿಟಿಗಳಲ್ಲಿ ಸಮುದ್ರದ ಮೇಲೆ ಕಾವಲು ಹಾರಾಟ ನಡೆಸಿದರು. ಸ್ವಾತಂತ್ರ್ಯದ ನಂತರ 1952ರಲ್ಲಿ ಮೀಸಲು ಮತ್ತು ಸಹಾಯಕ ವಾಯುಪಡೆಗಳ ಕಾಯ್ದೆ ಬಂದು, 51ರಿಂದ 57ರವರೆಗಿನ ಸಂಖ್ಯೆಗಳಲ್ಲಿ ಏಳು ಸಹಾಯಕ ಸ್ಕ್ವಾಡ್ರನ್ನುಗಳು ರೂಪುಗೊಂಡವು; 51 ದೆಹಲಿಯದು, 52 ಬೊಂಬಾಯಿಯದು, 53 ಮದ್ರಾಸಿನದು. ಬೆಂಗಳೂರಿನಲ್ಲಿ ವಿ. ಎಂ. ಘಾಟಗೆಯವರು ವಿನ್ಯಾಸಗೊಳಿಸಿದ ಎಚ್‌ಟಿ-2, ಅಮೆರಿಕನ್ ಮೂಲದ ಹಾರ್ವರ್ಡ್, ಮುಂದೆ ವ್ಯಾಂಪೈರ್ ಜೆಟ್, ಇವು ಅವರ ವಿಮಾನಗಳಾಗಿದ್ದವು.

ವ್ಯಾಂಪೈರ್ ಬಂದಲ್ಲಿಯೇ ಮೀಸಲು ಹಾರಾಟದ ಕಷ್ಟವೂ ಹೆಚ್ಚಿತೆಂದು ನನ್ನ ಅಭಿಪ್ರಾಯ. ಹಾರ್ವರ್ಡ್‌ನ ಪಿಸ್ಟನ್ ಎಂಜಿನ್ ಥ್ರಾಟಲ್ ತಳ್ಳಿದ ಕ್ಷಣವೇ ಎಳೆಯುತ್ತದೆ. ಅದರ ಪ್ರೊಪೆಲ್ಲರ್ ಹಿಂದಕ್ಕೆ ನೂಕಿದ ಗಾಳಿ ರೆಕ್ಕೆಯ ಮೇಲೆ ಹಾದು ಒಡನೆ ಎತ್ತುಬಲವನ್ನೂ ಕೊಡುತ್ತದೆ. ಹಳೆಯ ಜೆಟ್ ಎಂಜಿನ್ನಿನಲ್ಲಿ ಭಾರವಾದ ತಿರುಗಣಿ ವೇಗ ಹಿಡಿಯಲು ಹಲವು ಸೆಕೆಂಡುಗಳೇ ಬೇಕು, ರೆಕ್ಕೆಯ ಮೇಲೆ ಪ್ರೊಪೆಲ್ಲರ್ ಗಾಳಿಯೂ ಇಲ್ಲ. ಇಳಿಯುವಾಗ ತಗ್ಗಿಗೆ ಬಂದೆನೆಂದು ತಿಳಿದ ಮೇಲೆ ಥ್ರಾಟಲ್ ತಳ್ಳಿದರೆ ತಡವಾಗಿರುತ್ತದೆ. ತಿಳಿಯುವ ಮೊದಲೇ ತಳ್ಳಿರಬೇಕು. ಆ ಮುಂದಾಲೋಚನೆ ಪುಸ್ತಕದಿಂದ ಬರುವುದಿಲ್ಲ, ತಿಂಗಳ ಹಿಂದಿನ ಹಾರಾಟದಿಂದಲೂ ಪೂರ್ತಿ ಬರುವುದಿಲ್ಲ. ಮೋಡದೊಳಗೆ ಹೊಕ್ಕರೆ ಒಳಕಿವಿಯ ಕಾಟ ಬೇರೆ. ಅಲ್ಲಿನ ಅರೆವೃತ್ತದ ನಾಳಗಳ ದ್ರವ ಒಂದೇ ತೆರನಾದ ತಿರುವಿನಲ್ಲಿ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ನಾಳದ ವೇಗಕ್ಕೇ ಹೊಂದಿಕೊಂಡುಬಿಡುತ್ತದೆ, ಆಗ ತಿರುಗುತ್ತಿರುವ ಪೈಲಟ್‌ಗೆ ನೇರ ಹೋಗುತ್ತಿರುವಂತೆಯೇ ಅನಿಸುತ್ತದೆ. ತನ್ನ ಮೈಯನ್ನು ನಂಬದೆ ಮಾಪಕಗಳನ್ನು ನಂಬುವ ಅಭ್ಯಾಸವೂ ಬಳಸದಿದ್ದರೆ ಸಡಿಲಗೊಳ್ಳುತ್ತದೆ.

ಬ್ರಿಟನ್ 1957ರ ಮಾರ್ಚ್ 10ರಂದು ತನ್ನ ಸಹಾಯಕ ಪಡೆಯ ಹಾರುವ ಸ್ಕ್ವಾಡ್ರನ್ನುಗಳನ್ನೆಲ್ಲ ವಿಸರ್ಜಿಸಿತು. ಕೊನೆಗೆ ವ್ಯಾಂಪೈರ್ ಹಾರಿಸುತ್ತಿದ್ದ 602 ಕೂಡ ಅಲ್ಲಿಗೇ ನಿಂತಿತು. ಹಣದ ಕೊರತೆ ಒಂದು ಕಾರಣ, ಜೆಟ್ ಯುಗದ ಬೇಡಿಕೆ ಇನ್ನೊಂದು. ಭಾರತದ ಸಹಾಯಕ ಸ್ಕ್ವಾಡ್ರನ್ನುಗಳೂ ಬಹುಕಾಲ ಉಳಿಯಲಿಲ್ಲ.

ಆದರೆ ಸಂಖ್ಯೆಗಳಿಗೆ ಮರುಹುಟ್ಟು ಇರುತ್ತದೆ. 2006ರಲ್ಲಿ 602 ಮತ್ತೆ ಜೀವತಳೆಯಿತು, ವಿಮಾನವಿಲ್ಲದ ಬೆಂಬಲ ಘಟಕವಾಗಿ. ಅದೇ 2006ರಲ್ಲಿ, ಅದಕ್ಕೆ ಹತ್ತು ವರ್ಷ ಮೊದಲು ಬೀದರಿನಲ್ಲಿ ಕಿರಣ್ ವಿಮಾನಗಳೊಡನೆ ಶುರುವಾಗಿದ್ದ ವಾಯುಪಡೆಯ ಸೂರ್ಯಕಿರಣ ಪ್ರದರ್ಶನ ತಂಡಕ್ಕೆ ಸ್ಕ್ವಾಡ್ರನ್ನಿನ ಸ್ಥಾನ ಸಿಕ್ಕಿತು. ಅದರ ಸಂಖ್ಯೆ 52. ಒಂದು ಕಾಲಕ್ಕೆ ಬೊಂಬಾಯಿಯ ಮೀಸಲು ಹಾರಾಟಗಾರರು ಧರಿಸಿದ್ದ ಸಂಖ್ಯೆ ಈಗ ರೆಕ್ಕೆಗೆ ರೆಕ್ಕೆ ಸುಮಾರು 5 ಮೀಟರ್ ಅಂತರದಲ್ಲಿ ಒಂಬತ್ತು ವಿಮಾನ ಹಾರಿಸುವವರದಾಗಿದೆ, ಅಭ್ಯಾಸಕ್ಕೆ ಒಂದು ವಾರದ ಬಿಡುವೂ ಸಲ್ಲದಂಥ ಕೆಲಸ ಅದು. 2006ರ ಮಾರ್ಚಿನಲ್ಲಿ ಬೀದರಿನ ಬಳಿಯೇ ಅಭ್ಯಾಸದ ವೇಳೆ ತಂಡದ ಇಬ್ಬರು ಪೈಲಟ್‌ಗಳು ಪ್ರಾಣ ಕಳೆದುಕೊಂಡರು.

2008ರ ಫೆಬ್ರವರಿಯಲ್ಲಿ ಹಾಕ್ ತರಬೇತಿ ಜೆಟ್ ವಾಯುಪಡೆಗೆ ಸೇರಿದ್ದು ಇಲ್ಲಿಯೇ. ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳು 2016ರಲ್ಲಿ ನೇಮಕಗೊಂಡ ಮೇಲೆ ಹಾಕ್ ಕಲಿತದ್ದೂ ಇಲ್ಲಿಯೇ. ಬೀದರಿನ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಮೇ ತಿಂಗಳ 42 ಡಿಗ್ರಿಯ ಮಧ್ಯಾಹ್ನ ಇಲ್ಲಿನ ಗಾಳಿಯ ಸಾಂದ್ರತೆ ಲೆಕ್ಕ ಹಾಕಿದರೆ ಒಂದು ಘನ ಮೀಟರಿಗೆ 1.03 ಕಿಲೊಗ್ರಾಂನಷ್ಟು ಬರುತ್ತದೆ. ಸಮುದ್ರಮಟ್ಟದ ಮಾದರಿ ಗಾಳಿ 1.225. ಶೇ. 16ರಷ್ಟು ತೆಳುವಾದ ಆ ಗಾಳಿಯಲ್ಲಿ ಅದೇ ಭಾರದ ವಿಮಾನ ನೆಲ ಬಿಡಲು ಶೇ. 9ರಷ್ಟು ಹೆಚ್ಚು ವೇಗ ಬೇಕು, ಎಂಜಿನ್ನಿನ ನೂಕುಬಲವೋ ಕಡಿಮೆಯಾಗಿರುತ್ತದೆ, ರನ್‌ವೇ ಹೆಚ್ಚು ಉದ್ದಕ್ಕೆ ಖರ್ಚಾಗುತ್ತದೆ. ಡಿಸೆಂಬರಿನ ಚಳಿಯ ಬೆಳಗಿನಲ್ಲಿ ಪಳಗಿದ ಕೈ ಮೇ ತಿಂಗಳಲ್ಲಿ ಇನ್ನೊಮ್ಮೆ ಪಳಗಬೇಕಾಗುತ್ತದೆ.

ಆ ಹುಡುಗನಿಗೆ ಅಂದು ಇಷ್ಟೆಲ್ಲ ಹೇಳಲು ಆಗಲಿಲ್ಲ. ಬದುವಿನ ಮೇಲೆ ಕೂತು ಇಬ್ಬರೂ ಎಣಿಸಿದೆವು: ಚಕ್ರ ತಾಗಿದ್ದು ಆರು ಸಲ. ಏಳನೆಯ ಸಲ ಹಾಕ್ ಮೇಲೇಳದೆ ರನ್‌ವೇಯ ಕೊನೆಯವರೆಗೂ ಓಡಿ, ನಿಧಾನವಾಗಿ ತಿರುಗಿ, ಹ್ಯಾಂಗರಿನ ಕಡೆ ಹೋಯಿತು.